ಕ್ಯಾಲಿಪರ್ 20.01 ತೋರಿಸಿದರೂ ಬೇರಿಂಗ್ ಜಾರುವುದು ಯಾಕೆ?

ನೀವು ಕೇಳಿದ್ದು ಇಷ್ಟು. ಐಟಿಐ ಟರ್ನರ್ ಮುಗಿಸಿ, ಶೆಡ್‌ನಲ್ಲಿ ಒಂದು ಹಳೇ ಲೇತ್ ಹಾಕಿಕೊಂಡಿದ್ದೀರಿ. 6204 ಬೇರಿಂಗ್ ಕೂರುವ ಶಾಫ್ಟ್ ಮಾಡಿದ್ದೀರಿ. ಡಿಜಿಟಲ್ ಕ್ಯಾಲಿಪರ್ 20.01 ತೋರಿಸಿತು, ಆದರೆ ಬೇರಿಂಗ್ ಬೆರಳಲ್ಲಿ ತಳ್ಳಿದರೇ ಜಾರುತ್ತದೆ. ಇನ್ನೂ ದುಬಾರಿ ಡಿಜಿಟಲ್ ಕೊಳ್ಳಬೇಕಾ, ವರ್ನಿಯರ್ ಸಾಕಾ ಅಂತ ನಿಮ್ಮ ಪ್ರಶ್ನೆ.

ಈ ಕೆಲಸಕ್ಕೆ ಎರಡೂ ಆಗುವುದಿಲ್ಲ. ಮೊದಲು 0–25 ಮಿ.ಮೀ. ಮೈಕ್ರೋಮೀಟರ್ (ಸ್ಕ್ರೂ ತಿರುಗಿಸಿ ಅಳೆಯುವ ಸಾಧನ) ತಗೊಳ್ಳಿ. ಕ್ಯಾಲಿಪರ್ ವಿಷಯ ಆಮೇಲೆ ಹೇಳುತ್ತೇನೆ.

ಲೆಕ್ಕ ನೋಡಿ. 6204ರ ಒಳ ವ್ಯಾಸ 20 ಮಿ.ಮೀ. ಸಾಮಾನ್ಯ ದರ್ಜೆಯ ಬೇರಿಂಗ್‌ನಲ್ಲಿ ಅದು 20.000ದಿಂದ 19.990ರ ಒಳಗೆ ಇರುತ್ತದೆ. ಶಾಫ್ಟ್‌ಗೆ ಕೆ6 ಫಿಟ್ (ಬೇರಿಂಗ್ ಸ್ವಲ್ಪ ಬಿಗಿಯಾಗಿ ಕೂರುವ ಅಳತೆ ಮಿತಿ) ಕೊಟ್ಟಿದ್ದರೆ ಅದು 20.002ರಿಂದ 20.015ರ ನಡುವೆ ಬರಬೇಕು. ಅಂದರೆ ನಿಮಗಿರುವ ಜಾಗ ಬರೀ 13 ಮೈಕ್ರಾನ್, ಅಂದರೆ 0.013 ಮಿ.ಮೀ. ಒಳ್ಳೆಯ ಕಂಪನಿಯ 150 ಮಿ.ಮೀ. ಡಿಜಿಟಲ್ ಕ್ಯಾಲಿಪರ್‌ನ ನಿಖರತೆಯೇ ಸಾಮಾನ್ಯವಾಗಿ ಪ್ಲಸ್ ಮೈನಸ್ 0.02. ಅದು 20.01 ತೋರಿಸಿದಾಗ ಶಾಫ್ಟ್ 19.99 ಇರಬಹುದು, 20.03 ಕೂಡ ಇರಬಹುದು. ಪರದೆ ಮೇಲೆ 0.01 ಕಾಣುತ್ತದೆ ಅಂದ ಮಾತ್ರಕ್ಕೆ ಅಷ್ಟು ಸರಿಯಾಗಿ ಅಳೆಯುತ್ತದೆ ಅಂತಲ್ಲ. ಐಟಿಐನಲ್ಲಿ ನಮಗೆ ಲೀಸ್ಟ್ ಕೌಂಟ್ (ಸಾಧನದಲ್ಲಿ ಓದಬಹುದಾದ ಅತಿ ಸಣ್ಣ ಅಳತೆ) ಬಾಯಿಪಾಠ ಮಾಡಿಸುತ್ತಾರೆ. ಈ ವ್ಯತ್ಯಾಸವನ್ನು ಒತ್ತಿ ಹೇಳುವುದು ಕಡಿಮೆ, ಅಲ್ವಾ?

ಇದೇ ತಪ್ಪು ನಾನೂ ಮಾಡಿದ್ದೇನೆ. ಪೀಣ್ಯದ ಒಂದು ಸಣ್ಣ ಶಾಪ್‌ನಲ್ಲಿ ಕೆಲಸ ಕಲಿಯುತ್ತಿದ್ದಾಗ, ಒಂದೇ ಸಂಜೆ ಹನ್ನೆರಡು ಶಾಫ್ಟ್ ತಿರುಗಿಸಿದೆ. ಪ್ರತಿಯೊಂದನ್ನೂ ಟೂಲ್ ಹಿಂದೆ ಸರಿಸಿದ ತಕ್ಷಣ, ಬಿಸಿ ಇರುವಾಗಲೇ ಅಳೆದೆ. ಬೆಳಿಗ್ಗೆ ಬಂದು ನೋಡಿದರೆ ಒಂಬತ್ತು ಲೂಸ್. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 20 ಮಿ.ಮೀ. ಶಾಫ್ಟ್ 40 ಡಿಗ್ರಿ ಜಾಸ್ತಿ ಬಿಸಿಯಾಗಿದ್ದರೆ ವ್ಯಾಸ 9 ಮೈಕ್ರಾನ್ ದೊಡ್ಡದಿರುತ್ತದೆ. ನಿಮ್ಮ 13 ಮೈಕ್ರಾನ್‌ನಲ್ಲಿ 9 ಹೋಯಿತು. ಅಲ್ಯೂಮಿನಿಯಂ ಆದರೆ ಹೆಚ್ಚೂಕಡಿಮೆ ಎರಡರಷ್ಟು. ಅಳತೆಗೆಲ್ಲ 20 ಡಿಗ್ರಿ ಅಂತ ಜಗತ್ತೆಲ್ಲ ಒಪ್ಪಿಕೊಂಡಿರುವುದು ಇದಕ್ಕೇ. ನಮ್ಮ ಶೆಡ್‌ಗಳಲ್ಲಿ 20 ಡಿಗ್ರಿ ಎಲ್ಲಿ ಬರಬೇಕು. ಆದರೆ ಜಾಬ್ (ನಾವು ಮಾಡುತ್ತಿರುವ ತುಂಡು) ಮತ್ತು ಅಳೆಯುವ ಸಾಧನ ಎರಡೂ ಒಂದೇ ಬಿಸಿಗೆ ಬರುವ ತನಕ ಕಾಯುವುದು ನಮ್ಮ ಕೈಯಲ್ಲಿದೆ.

ಇನ್ನೊಂದು ಕಾರಣ ಕ್ಯಾಲಿಪರ್‌ನ ಆಕಾರದಲ್ಲೇ ಇದೆ. ಅದರ ಸ್ಕೇಲ್ ಮೇಲೆ, ಜಾಬ್ ಕೆಳಗೆ. ಸರಿಯುವ ಜಾ (ಜಾಬನ್ನು ಹಿಡಿಯುವ ದವಡೆ) ಒಂದು ಕೂದಲಿನಷ್ಟು ವಾಲಿದರೂ ತುದಿಯಲ್ಲಿ ಅಳತೆ ಬದಲಾಗುತ್ತದೆ. ಅಳೆಯುವ ಗೆರೆಯೂ ಸ್ಕೇಲಿನ ಗೆರೆಯೂ ಒಂದೇ ನೇರದಲ್ಲಿ ಇರಬೇಕು ಅಂತ ಜರ್ಮನಿಯ ಅರ್ನ್ಸ್ಟ್ ಆಬೆ 1890ರಲ್ಲೇ ಹೇಳಿದ್ದರು. ಮೈಕ್ರೋಮೀಟರ್ ಹಾಗೇ ಇದೆ, ಕ್ಯಾಲಿಪರ್ ಹಾಗಿಲ್ಲ. ಅದಕ್ಕೇ ಜಾಬನ್ನು ಜಾಗಳ ತುದಿಯಲ್ಲಿ ಹಿಡಿಯಬೇಡಿ, ಆದಷ್ಟು ಸ್ಕೇಲಿನ ಹತ್ತಿರಕ್ಕೆ ತನ್ನಿ. ಹೆಬ್ಬೆರಳಿನ ಒತ್ತಡ ಯಾವಾಗಲೂ ಒಂದೇ ಥರ ಇರಲಿ. ಗಟ್ಟಿಯಾಗಿ ಒತ್ತಿದರೆ ಬೇಕಾದ ನಂಬರ್ ಬರುತ್ತದೆ. ಆಮೇಲೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗಾಗುತ್ತದೆ.

ಕೈ ಪಳಗಿಸಲು ಒಂದು ಸುಲಭ ದಾರಿ ಇದೆ. ಸ್ಲಿಪ್ ಗೇಜ್ (ನಿಖರ ಅಳತೆಯ ಉಕ್ಕಿನ ತುಂಡು) ಕೊಳ್ಳಲು ಆಗದಿದ್ದರೆ, ಒಂದು ಹೊಸ 6204 ಬೇರಿಂಗ್ ಇಟ್ಟುಕೊಳ್ಳಿ. ಅದರ ಹೊರ ವ್ಯಾಸ 47 ಮಿ.ಮೀ., ಕಡಿಮೆ ಆದರೂ 11 ಮೈಕ್ರಾನ್ ಒಳಗೆ. ದಿನಾ ಬೆಳಿಗ್ಗೆ ಎಣ್ಣೆ ಒರೆಸಿ ಕ್ಯಾಲಿಪರ್‌ನಲ್ಲಿ ಐದು ಸಲ ಅಳೆಯಿರಿ. ಐದು ಸಲವೂ ಒಂದೇ ನಂಬರ್ ಬರುವ ತನಕ ಕೈ ತಿದ್ದಿಕೊಳ್ಳಿ. ಆದರೆ ಬೇರಿಂಗಿನ ಅಗಲವನ್ನು ಇದಕ್ಕೆ ಬಳಸಬೇಡಿ, ಅದು 14 ಅಂತ ಇದ್ದರೂ 0.12ರಷ್ಟು ಕಡಿಮೆ ಇರಬಹುದು.

ಈಗ ಕ್ಯಾಲಿಪರ್ ಆಯ್ಕೆ. ಉದ್ದ, ಮೆಟ್ಟಿಲು, ಆಳ, ರಫ್ ವ್ಯಾಸ ಇವಕ್ಕೆಲ್ಲ ಅದು ಬೇಕೇ ಬೇಕು. ನನ್ನ ಮಾತು ಕೇಳಿದರೆ ಮೊದಲನೆಯದು 0.02 ಲೀಸ್ಟ್ ಕೌಂಟ್ ಇರುವ, ಗಟ್ಟಿ ಮಾಡಿದ ಸ್ಟೇನ್‌ಲೆಸ್ ಸ್ಟೀಲಿನ ಸಾದಾ ವರ್ನಿಯರ್ ಆಗಲಿ. ಮೇನ್ ಸ್ಕೇಲಿನ 49 ಮಿ.ಮೀ. ಜಾಗವನ್ನು 50 ಭಾಗ ಮಾಡಿರುತ್ತಾರೆ, 0.02 ಬರುವುದು ಹಾಗೆ. ವರ್ನಿಯರ್‌ನ ಸೊನ್ನೆ ಮೇಲಿನ 24 ದಾಟಿ, ಕೆಳಗಿನ 17ನೇ ಗೆರೆ ಮೇಲಿನ ಒಂದು ಗೆರೆಗೆ ನೇರ ಬಂದರೆ 24.34. ಬ್ಯಾಟರಿ ಬೇಡ, ಕೂಲೆಂಟ್ ಬಿದ್ದರೂ ನಂಬರ್ ಕುಣಿಯುವುದಿಲ್ಲ. ನೇರವಾಗಿ ಎದುರಿನಿಂದ ನೋಡಬೇಕು, ಬೆಳಕು ಚೆನ್ನಾಗಿರಬೇಕು ಅಷ್ಟೇ. ಡಯಲ್ ಕ್ಯಾಲಿಪರ್ ಓದಲು ಸುಲಭ, ಆದರೆ ಅದರ ಹಲ್ಲುಪಟ್ಟಿಗೆ ಸಣ್ಣ ಚಿಪ್ಸ್ ಸಿಕ್ಕಿದರೆ ಕಷ್ಟ. ಲೇತ್ ಪಕ್ಕಕ್ಕೆ ನಾನು ಅದನ್ನು ಹೇಳುವುದಿಲ್ಲ.

ಡಿಜಿಟಲ್ ಎರಡನೆಯದಾಗಿ ಬರಲಿ. ಅದರ ನಿಜವಾದ ಲಾಭ ಎಲ್ಲಿ ಬೇಕಾದರೂ ಸೊನ್ನೆ ಮಾಡಬಹುದು ಅನ್ನುವುದು. ಒಂದೇ ಅಳತೆಯ ಎರಡು ತೂತುಗಳ ಸೆಂಟರ್ ದೂರ ಬೇಕಾ? ಒಂದು ತೂತಿನ ಒಳ ವ್ಯಾಸ ಅಳೆದು ಅಲ್ಲೇ ಸೊನ್ನೆ ಒತ್ತಿ. ಆಮೇಲೆ ಅದೇ ಮೇಲಿನ, ಒಳ ಅಳತೆಯ ಜಾಗಳಿಂದ ಎರಡೂ ತೂತುಗಳ ಆಚೆ ಆಚೆಯ ಅಂಚು ಅಳೆಯಿರಿ. ಪರದೆ ಮೇಲೆ ಬರುವುದೇ ಸೆಂಟರ್ ದೂರ. ಆದರೆ ಸಣ್ಣ ತೂತಿನ ವ್ಯಾಸವನ್ನು ಕ್ಯಾಲಿಪರ್ ನಿಜಕ್ಕಿಂತ ಕಡಿಮೆಯೇ ತೋರಿಸುತ್ತದೆ, ಒಳ ಜಾಗಳ ಅಂಚು ಸ್ವಲ್ಪ ಚಪ್ಪಟೆ ಇರುವುದರಿಂದ. ಅಂಥ ತೂತಿಗೆ ಪ್ಲಗ್ ಗೇಜ್ (ತೂತಿಗೆ ತೂರಿಸಿ ನೋಡುವ ನಿಖರ ಅಳತೆಯ ಕಡ್ಡಿ) ಒಳ್ಳೆಯದು. ಅಗ್ಗದ ಡಿಜಿಟಲ್‌ಗಳು ಆಫ್ ಮಾಡಿದರೂ ಬ್ಯಾಟರಿ ತಿನ್ನುತ್ತವೆ. ವಾರಗಟ್ಟಲೆ ಬಳಸದಿದ್ದರೆ ತೆಗೆದಿಡಿ. ಪ್ಲಾಸ್ಟಿಕ್ಕಿನದು ಬಡಗಿ ಕೆಲಸಕ್ಕೆ ನಡೆಯುತ್ತದೆ, ಲೇತ್‌ಗೆ ಸುಮ್ನೆ ದುಡ್ಡು ದಂಡ.

ಕೊಳ್ಳುವಾಗ ಅಂಗಡಿಯಲ್ಲೇ ಜಾ ಮುಚ್ಚಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಸೋರಿದರೆ ಬೇಡ. ಸರಿಸಿ ನೋಡಿ, ಎಲ್ಲೂ ಅಲುಗಾಡಬಾರದು. ಎಲ್ಲೂ ಬಿಗಿಯಾಗಬಾರದು. ಹೆಸರಾಂತ ಬ್ರ್ಯಾಂಡ್‌ಗಳ ನಕಲು ಬಹಳ ಓಡಾಡುತ್ತಿದೆ, ಅದಕ್ಕೇ ಬಿಲ್ ಕೊಡುವ ಅಧಿಕೃತ ಡೀಲರ್ ಹತ್ತಿರವೇ ಹೋಗಿ. ಗ್ರಾಹಕರು ರಿಪೋರ್ಟ್ ಕೇಳುವವರಾದರೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಕ್ಯಾಲಿಬ್ರೇಷನ್ ಮಾಡಿಸಿಡಿ.

ತಿರುಗುತ್ತಿರುವ ಜಾಬಿಗೆ ಮಾತ್ರ ಕ್ಯಾಲಿಪರ್ ಹಾಕಬೇಡಿ, ದಯವಿಟ್ಟು. ಜಾ ಸವೆಯುವುದು ಹಾಗಿರಲಿ, ಬೆರಳು ಹೋಗುತ್ತದೆ. ಅಳೆಯುವ ಮೊದಲು ಬರ್ (ಅಂಚಿನಲ್ಲಿ ಉಳಿದ ಚೂಪು ಲೋಹದ ಚೂರು) ತೆಗೆಯಿರಿ. ಕೆಲಸ ಆದ ಮೇಲೆ ಒರೆಸಿ, ಜಾ ನಡುವೆ ಚೂರು ಜಾಗ ಬಿಟ್ಟು ಪೆಟ್ಟಿಗೆಯಲ್ಲಿಡಿ. ಲೇತ್ ಬೆಡ್ ಮೇಲೆ ಫೈಲುಗಳ ಜೊತೆ ಬಿಸಾಡಿದ ಕ್ಯಾಲಿಪರ್ ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಶಾಫ್ಟ್. ಸೆಂಟರ್ ಪಂಚ್ ಹೊಡೆದು ಬಿಗಿ ಮಾಡಿ ಕೊಡು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಚುಕ್ಕೆಗಳ ತುದಿ ಮೇಲೆ ಕೂತ ಬೇರಿಂಗ್ ಕೆಲವೇ ದಿನದಲ್ಲಿ ಮತ್ತೆ ಸಡಿಲವಾಗುತ್ತದೆ, ಗ್ರಾಹಕ ಬೈಯುವುದು ನಿಮ್ಮನ್ನೇ. ಹೊಸದು ಮಾಡಿ. 20.2ರ ತನಕ ಕ್ಯಾಲಿಪರ್ ನೋಡಿಕೊಂಡು ಇಳಿಸಿ, ಪೂರ್ತಿ ಆರಲು ಬಿಡಿ. ಆಮೇಲೆ ಮೈಕ್ರೋಮೀಟರ್‌ನಲ್ಲಿ ಅಳೆದು, ಉಳಿದದ್ದನ್ನು ಎರಡು ಸಣ್ಣ ಕಟ್‌ನಲ್ಲಿ ತೆಗೆಯಿರಿ. ಕೊನೆಯ ಕಟ್‌ಗೆ ಮುಂಚೆ ಮತ್ತೊಮ್ಮೆ ಆರಿಸಿ ಅಳೆಯಿರಿ.