ಫ್ಯಾಷನ್ ಡಿಸೈನ್ ಓದುವವರು 6000 ರೂಪಾಯಿಯಲ್ಲಿ ಪೋರ್ಟ್‌ಫೋಲಿಯೊ ಶೂಟ್ ಮಾಡೋದು ಹೇಗೆ?

ನೀವು ಮೂರನೇ ವರ್ಷ, ಐದು ಉಡುಪು ರೆಡಿ ಇದೆ, ಕೈಯಲ್ಲಿ 6000 ರೂಪಾಯಿ ಇದೆ. ಸ್ಟುಡಿಯೋ ಬಾಡಿಗೆಗೆ ತಗೋಬೇಕಾ, ಇಲ್ಲಾ ಹೊರಗಡೆ ಒಳ್ಳೆ ಲೊಕೇಶನ್ ಹುಡುಕಬೇಕಾ ಅಂತ ಕೇಳಿದ್ದೀರಿ. ಎರಡೂ ಆಮೇಲೆ. ಮೊದಲು ಇಸ್ತ್ರಿ ಪೆಟ್ಟಿಗೆಗೆ ಪ್ಲಗ್ ಪಾಯಿಂಟ್ ಇರುವ ಜಾಗ ನೋಡಿ. ತಮಾಷೆಗೆ ಹೇಳ್ತಿಲ್ಲ.

ನನ್ನ ಫೈನಲ್ ಕಲೆಕ್ಷನ್ ಗುಳೇದಗುಡ್ಡ ಖಣದ (ಕುಪ್ಪಸಕ್ಕೆ ಬಳಸೋ ಕೈಮಗ್ಗದ ಬಟ್ಟೆ) ಮೂರು ಜಾಕೆಟ್, ಎರಡು ಇಳಕಲ್ ಸೀರೆಯ ಲುಕ್. ಮೊದಲ ಶೂಟ್‌ಗೆ ರಾಮನಗರದ ಕಡೆಯ ಒಂದು ಬಂಡೆಗುಡ್ಡಕ್ಕೆ ಹೋದೆವು. ಬೆಂಗಳೂರು ಬಿಟ್ಟಾಗ ಬೆಳಿಗ್ಗೆ ಐದೂವರೆ. ಬಟ್ಟೆ ಚೀಲ ಹೊತ್ತು ಹತ್ತಿ, ದುಪಟ್ಟಾ ಅಡ್ಡ ಹಿಡಿದು ಮಾಡೆಲ್‌ಗೆ ಉಡಿಸಿ ಮುಗಿಸುವಾಗ ಒಂಬತ್ತೂ ಕಾಲು. ಬಿಸಿಲು ಆಗಲೇ ಮೇಲಕ್ಕೆ ಬಂದಿತ್ತು, ಕಣ್ಣಿನ ಕೆಳಗೆ ಕಪ್ಪು ನೆರಳು. ಚೀಲದಲ್ಲಿ ಮಡಚಿಟ್ಟ ಹತ್ತಿ ಪ್ಯಾಂಟು ಹಪ್ಪಳದ ಹಾಗೆ ಸುಕ್ಕಾಗಿತ್ತು. ಗುಡ್ಡದ ಮೇಲೆ ಕರೆಂಟ್ ಎಲ್ಲಿಂದ ತರೋದು? ನಾನ್ನೂರು ಚಿಲ್ಲರೆ ಫೋಟೋ ತೆಗೆದೆವು, ಉಪಯೋಗಕ್ಕೆ ಬಂದದ್ದು ಮೂರು. ಬಂಡೆ ಮಾತ್ರ ಎಲ್ಲದರಲ್ಲೂ ಚೆನ್ನಾಗಿ ಬಂದಿತ್ತು.

ಎರಡನೇ ಸಲ ಧಾರವಾಡದಲ್ಲಿ ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲಿ ಮಾಡಿದೆ. ಸುಣ್ಣ ಬಳಿದ ಗೋಡೆ, ಒಂದು ದೊಡ್ಡ ಬಾಗಿಲು, ಅಷ್ಟೇ. ಪೋರ್ಟ್‌ಫೋಲಿಯೊದಲ್ಲಿ ಉಳಿದದ್ದು ಆ ಫೋಟೋಗಳೇ.

ಕಾರಣ ಬಟ್ಟೆಯಲ್ಲೇ ಇದೆ. ಖಣದ ಹೂವು, ತೇರು ಎಲ್ಲ ನೇಯ್ಗೆಯಲ್ಲೇ ಬರುತ್ತೆ, ಮೇಲೆ ಅಚ್ಚು ಹಾಕಿದ್ದಲ್ಲ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಎಲ್ಲಾ ಚಪ್ಪಟೆ, ಸಾದಾ ಬಟ್ಟೆ ಥರ ಕಾಣುತ್ತೆ. ಪಕ್ಕದಿಂದ ಬೆಳಕು ಬಿದ್ದರೆ ಒಂದೊಂದು ಹೂವೂ ಎದ್ದು ನಿಲ್ಲುತ್ತೆ. ಮನೆಯಲ್ಲೇ ನೋಡಿ: ಮಧ್ಯಾಹ್ನ ಕಿಟಕಿ ಹತ್ತಿರ ಬಟ್ಟೆ ಹಿಡಿದು ನಿಧಾನಕ್ಕೆ ತಿರುಗಿಸಿ. ಎಲ್ಲಿ ವಿನ್ಯಾಸ ಚೆನ್ನಾಗಿ ಕಾಣುತ್ತೋ ಅಲ್ಲಿ ನಿಲ್ಲಿಸಿ. ಕಿಟಕಿ ಯಾವ ಕಡೆ ಇದೆ, ಎಷ್ಟು ದೂರ ಇದೆ ಅಂತ ಬರೆದಿಟ್ಟುಕೊಳ್ಳಿ. ಮಾಡೆಲ್ ನಿಲ್ಲಬೇಕಾದ್ದು ಅಲ್ಲೇ. ಇನ್ನೊಂದು ಬದಿಗೆ ಒಂದು ಬಿಳಿ ಥರ್ಮಾಕೋಲ್ ಶೀಟ್ ಹಿಡಿದರೆ ನೆರಳು ತಿಳಿಯಾಗುತ್ತೆ. ರಿಫ್ಲೆಕ್ಟರ್ ಬಾಡಿಗೆ ಉಳೀತು ಅಲ್ವಾ.

ಸೀರೆಯ ಕಥೆ ಬೇರೆ. ಮಾಡೆಲ್ ಎಡಗೈ ಮೇಲೆ ಸೆರಗು ಮಡಚಿ ಹಾಕಿಕೊಂಡು ಸ್ಟೈಲಾಗಿ ನಿಂತಿದ್ದಳು. ನನಗೂ ಚೆಂದ ಕಂಡಿತ್ತು. ಚಹಾ ತಂದ ಚಿಕ್ಕಮ್ಮ ಒಂದು ನಿಮಿಷ ನೋಡಿ, "ಸೆರಗು ಹಿಂಗ ಮುಚ್ಚಿಟ್ರ ಅದು ಇಳಕಲ್ ಅಂತ ಯಾರಿಗೆ ಗೊತ್ತಾಗ್ತದವಾ?" ಅಂದರು. ನಿಜ ತಾನೇ? ಇಳಕಲ್ ಗುರುತೇ ಆ ಕೆಂಪು ರೇಷ್ಮೆ ಸೆರಗು, ಅದರ ಮೇಲಿನ ಬಿಳಿ ವಿನ್ಯಾಸ. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಸೇರಿಸುತ್ತಾರೆ. ನಾನು ಬರೆದ ಕಾನ್ಸೆಪ್ಟ್ ನೋಟಿನಲ್ಲಿ ಅದರ ಬಗ್ಗೆ ಅರ್ಧ ಪುಟ ಇತ್ತು, ಫೋಟೋದಲ್ಲಿ ಒಂದಿಂಚೂ ಇರಲಿಲ್ಲ!

ಅವತ್ತೇ ಒಂದು ಹಾಳೆ ತಗೊಂಡು ಪ್ರತಿ ಉಡುಪಿನ ಎದುರು ಒಂದು ಸಾಲು ಬರೆದೆ: "ಇದರಲ್ಲಿ ಕಾಣಲೇಬೇಕಾದ್ದು ಏನು?" ಮೊದಲ ಜಾಕೆಟ್‌ಗೆ ಕಾಲರ್ ಪೈಪಿಂಗ್, ಅಂದರೆ ಅಂಚಿಗೆ ಹೊಲಿದ ತೆಳು ಪಟ್ಟಿ. ಎರಡನೆಯದಕ್ಕೆ ಬೆನ್ನಿನ ಮೇಲೆ ಖಣದ ಎರಡು ತುಂಡು ಸೇರುವ ಜೋಡಣೆ. ಸೀರೆಗೆ ಸೆರಗಿನ ಕೊಂಡಿ. ಪಿಂಟರೆಸ್ಟ್‌ನಿಂದ ಚಿತ್ರ ತೆಗೆದು ಅಂಟಿಸಿದ ಮೂಡ್ ಬೋರ್ಡ್‌ಗಿಂತ ಈ ಹಾಳೆ ಜಾಸ್ತಿ ಕೆಲಸಕ್ಕೆ ಬಂತು. ಆಮೇಲೆ ಉಡುಪಿಗೆ ಐದು ಫೋಟೋ ಲೆಕ್ಕ: ಎದುರಿಂದ ಪೂರ್ತಿ, ಹಿಂದಿನಿಂದ ಪೂರ್ತಿ, ಸ್ವಲ್ಪ ಓರೆಯಾಗಿ ನಿಂತದ್ದು, ಒಂದು ಕ್ಲೋಸಪ್, ಒಂದು ನಡೆಯುವಾಗ. ನಿಮಗೂ ಐದೈದಲ ಇಪ್ಪತ್ತೈದು ಸಾಕು.

ಕೆಂಪು ಬಣ್ಣ ಇದ್ದರೆ ನಿಮ್ಮ ಫೋಟೋಗ್ರಾಫರ್‌ಗೆ ಮೊದಲೇ ಹೇಳಿ. ಗಾಢ ಕೆಂಪು ಕ್ಯಾಮೆರಾದಲ್ಲಿ ಬೇಗ ಹೊಡೆದುಹೋಗುತ್ತೆ, ನೇಯ್ಗೆ, ಮಡಿಕೆ ಯಾವುದೂ ಕಾಣದೆ ಬರೀ ಕೆಂಪು ಪಟ್ಟಿ ಆಗುತ್ತೆ. ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ, ರಾ ಫೈಲ್‌ನಲ್ಲಿ (ಕ್ಯಾಮೆರಾ ತಾನೇ ತಿದ್ದದೆ ಉಳಿಸೋ ಫೈಲ್) ತೆಗೆದರೆ ಎಡಿಟ್‌ನಲ್ಲಿ ಸರಿ ಮಾಡಬಹುದು. ಇನ್ನೊಂದು: ತೆಳು ಹತ್ತಿ ಬಟ್ಟೆ ಹಿಂದಿನಿಂದ ಬೆಳಕು ಬಿದ್ದಾಗ ಪಾರದರ್ಶಕ ಆಗುತ್ತೆ. ಒಳಲಂಗ ಅದೇ ಬಣ್ಣದ್ದಿರಲಿ.

ಮಾಡೆಲ್ ವಿಷಯ. ಕ್ಲಾಸಿನಲ್ಲಿ ಚೆಂದ ಇರೋ ಹುಡುಗಿಯನ್ನಲ್ಲ, ನೀವು ಹೊಲಿದ ಅಳತೆಗೆ ಸರಿಹೋಗೋಳನ್ನ ಹುಡುಕಿ. ಎರಡು ದಿನ ಮುಂಚೆ ಎಲ್ಲಾ ಐದೂ ಹಾಕಿಸಿ ನೋಡಿ. ಸ್ವಲ್ಪ ದೊಗಲೆ ಆದರೆ ಬೆನ್ನ ಹಿಂದೆ ಬುಲ್‌ಡಾಗ್ ಕ್ಲಿಪ್ ಹಾಕಿ ಬಿಗಿ ಮಾಡಬಹುದು, ಎಲ್ಲರೂ ಹಾಗೇ ಮಾಡ್ತಾರೆ. ಆದರೆ ನನ್ನ ಎರಡನೇ ಜಾಕೆಟ್‌ನಲ್ಲಿ ತೋರಿಸಬೇಕಾದ್ದೇ ಬೆನ್ನು! ರಾತ್ರಿ ಕೂತು ಬಿಚ್ಚಿ ಹೊಲಿದೆ. ಫೋಟೋ ಎಲ್ಲೆಲ್ಲಿ ಹಾಕ್ತೀನಿ ಅಂತ ಒಂದು ಹಾಳೆಯಲ್ಲಿ ಬರೆದು ಮಾಡೆಲ್ ಸಹಿ ತಗೊಳ್ಳಿ, ಸ್ನೇಹಿತೆ ಆದರೂ ಸರಿ.

ಸ್ಟೈಲಿಂಗ್‌ನಲ್ಲಿ ನಾನು ಮಾಡಿದ ತಪ್ಪು ಜಾಸ್ತಿ ಹಾಕಿದ್ದು. ಖಣ ಅಂದಮೇಲೆ ಬುಗುಡಿ, ನತ್ತು, ಮಲ್ಲಿಗೆ ದಂಡೆ ಎಲ್ಲಾ ಇರಲಿ ಅಂತ ಹೇರಿದೆ. ಕಲೆಕ್ಷನ್ ನೋಡಿ ಅಂಕ ಕೊಡೋ ಜ್ಯೂರಿಯಲ್ಲಿ ಒಬ್ಬರು ಕೇಳಿದ ಮೊದಲ ಪ್ರಶ್ನೆ, "ಆ ಬುಗುಡಿ ಎಲ್ಲಿ ಸಿಕ್ಕಿತು?" ಜಾಕೆಟ್ ಬಗ್ಗೆ ಎರಡನೇ ಪ್ರಶ್ನೆ. ಈಗಾದರೆ ಉಡುಪಿಗೆ ಒಂದೇ ಒಡವೆ ಇಡ್ತೀನಿ. ಎರವಲು ತಂದ ಚಪ್ಪಲಿಯ ಅಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ವಾಪಸ್ ಕೊಡುವಾಗ ಮಾತು ಕೇಳೋದು ತಪ್ಪುತ್ತೆ.

ಒಂದು ಉಡುಪು ಬದಲಿಸೋಕೆ ಅರ್ಧ ಗಂಟೆ ಹಿಡಿಯುತ್ತೆ. ಸೀರೆಗೆ ನೆರಿಗೆ ಹಿಡಿದು ಪಿನ್ ಮಾಡೋದಕ್ಕೆ ಇನ್ನೂ ಹೆಚ್ಚು. ಹಾಗಾಗಿ ಹೊರಗೆ ಬೆಳಗಿನ ಮೆದು ಬಿಸಿಲಲ್ಲಿ ಐದೂ ಮುಗಿಸ್ತೀನಿ ಅನ್ನೋದು ಆಗದ ಮಾತು. ಮೇಕಪ್ ಕಮ್ಮಿ ಇರುವ ಲುಕ್ ಮೊದಲು, ಜಾಸ್ತಿ ಇರೋದು ಕೊನೆಗೆ. ಕಾಡಿಗೆ ಒಮ್ಮೆ ಹಚ್ಚಿದ ಮೇಲೆ ಪೂರ್ತಿ ಹೋಗಲ್ಲ.

ದುಡ್ಡು ನಾನು ಹಂಚಿದ್ದು ಹೀಗೆ: ಮೇಕಪ್ ಮಾಡಿದ ಜೂನಿಯರ್‌ಗೆ 1500, ಓಡಾಟ 1800, ಎಲ್ಲರ ತಿಂಡಿ ಊಟ 1100, ಪಿನ್ನು, ಟೇಪು, ಥರ್ಮಾಕೋಲ್, ಇಸ್ತ್ರಿ ಸೇರಿ 600. ಫೋಟೋ ತೆಗೆದ ಗೆಳೆಯ ದುಡ್ಡು ಬೇಡ ಅಂದ, ಅವನ ಪೋರ್ಟ್‌ಫೋಲಿಯೊಗೂ ಫೋಟೋ ಬೇಕಿತ್ತು. ನಿಮ್ಮ 6000ಕ್ಕೆ ಸ್ಟುಡಿಯೋ ಸೇರಿಸಿದರೆ ಊಟಕ್ಕೇ ಕತ್ತರಿ ಬೀಳುತ್ತೆ. ಹಸಿದ ಮಾಡೆಲ್ ಮುಖ ಫೋಟೋದಲ್ಲಿ ಗೊತ್ತಾಗುತ್ತೆ, ನಂಬಿ. ಹಳೆ ಕೋಟೆ, ದೇವಸ್ಥಾನ ಅಂತ ಮನಸ್ಸಿದ್ದರೆ ಕಾಲೇಜಿನ ಪತ್ರ ಹಿಡಿದು ಮೊದಲೇ ಹೋಗಿ ಅನುಮತಿ ಕೇಳಿ. ಎಲ್ಲಾ ಹೊತ್ತುಕೊಂಡು ಹೋದಮೇಲೆ ಗೇಟಲ್ಲಿ ವಾಪಸ್ ಕಳಿಸಿದರೆ ಆ ದಿನ ಹೋಯ್ತು.

ನಿಮ್ಮ ಐದು ಉಡುಪು ಯಾವ ಬಟ್ಟೆಯದು ಅಂತ ಹೇಳಿಲ್ಲ. ಕೆಳಗೆ ಬರೆಯಿರಿ, ಬೆಳಕು ಯಾವ ಕಡೆಯಿಂದ ಬಂದರೆ ಸರಿ ಅಂತ ಹೇಳ್ತೀನಿ.