ಹಾಡು ಕಟ್ಟುವವನೇ ಹೋದ ಮೇಲೆ ಸ್ಪಾಕ್ಸ್ ಬಿಯರ್ಡ್‌ನಲ್ಲಿ ಕೇಳೋಕೆ ಏನಿದೆ?

‘ನೀಲ್ ಮೋರ್ಸ್ ಇದ್ದಾಗಿನ ಆರೂ ಆಲ್ಬಮ್ ಕೇಳಿದ್ದಾಯ್ತು. ಅವನು ಬಿಟ್ಟ ಮೇಲಿನ ಸ್ಪಾಕ್ಸ್ ಬಿಯರ್ಡ್ ಕೇಳೋ ಹಾಗಿದೆಯಾ? ಇದ್ದರೆ ಎಲ್ಲಿಂದ ಶುರು ಮಾಡಲಿ?’ ಎಂದು ಕೇಳಿದ್ದೀರಿ.

ಕೇಳೋ ಹಾಗಿದೆ. ಆದರೆ ಇಸವಿ ಹಿಡಿದುಕೊಂಡು ಹೋಗಬೇಡಿ, ಹಾಗೆ ಹೋಗಿ ನಾನು ಕೆಟ್ಟೆ. ನೀಲ್ ಇಲ್ಲದ ಮೊದಲ ಆಲ್ಬಮ್, 2003ರ ‘ಫೀಲ್ ಯುಫೋರಿಯಾ’, ಎರಡು ಸಲ ಹಾಕಿ ‘ಇವರ ಕಥೆ ಮುಗೀತು’ ಅಂತ ಎತ್ತಿಟ್ಟವನು ಮತ್ತೆ ಆ ಕಡೆ ತಿರುಗಿದ್ದು ಏಳೆಂಟು ವರ್ಷ ಕಳೆದ ಮೇಲೆ.

ಗೊತ್ತಿಲ್ಲದೆ ಇಲ್ಲಿಗೆ ಬಂದವರಿಗೆ ಎರಡು ಮಾತು. 1992ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನೀಲ್ ಮತ್ತು ಅಲನ್ ಮೋರ್ಸ್ ಸಹೋದರರು ಕಟ್ಟಿದ ರಾಕ್ ಬ್ಯಾಂಡ್ ಈ ಸ್ಪಾಕ್ಸ್ ಬಿಯರ್ಡ್. 1995ರ ಮೊದಲ ಆಲ್ಬಮ್ಮಿನಲ್ಲಿ ಇರುವುದೇ ನಾಲ್ಕು ಹಾಡು. 2000ದ ‘ವಿ’ ಆಲ್ಬಮ್ಮಿನ ಕೊನೆಯ ಹಾಡು ‘ದಿ ಗ್ರೇಟ್ ನಥಿಂಗ್’ 27 ನಿಮಿಷ. ಚಿಕ್ಕಮಗಳೂರಿನಲ್ಲಿ ಜೀಪು ಹತ್ತುವಾಗ ಅದನ್ನು ಹಾಕಿದರೆ ನನಗೆ ಆಲ್ದೂರು ಸಿಗುವ ಹೊತ್ತಿಗೆ ಮುಗಿಯುತ್ತದೆ, ಮುಂದೆ ಹಾಲಿನ ಲಾರಿ ಇಲ್ಲದಿದ್ದರೆ. ಸಾಹಿತ್ಯ, ಧಾಟಿ, ಹಾಡುಗಾರಿಕೆ, ಕೀಬೋರ್ಡಿನ ಬಹುಪಾಲು ಎಲ್ಲ ನೀಲ್‌ನದೇ. 2002ರಲ್ಲಿ ಎರಡು ಡಿಸ್ಕಿನ ‘ಸ್ನೋ’ ಬಂದ ಬೆನ್ನಿಗೇ, ತನ್ನ ಕ್ರೈಸ್ತ ನಂಬಿಕೆಯ ದಾರಿಯಲ್ಲಿ ಅವನು ಹೊರಟುಬಿಟ್ಟ.

ಆಗ ಡ್ರಮ್ಸ್ ಹಿಂದಿದ್ದ ನಿಕ್ ಡಿವರ್ಜಿಲಿಯೊ ಮೈಕಿಗೆ ಬಂದ. ಎಲ್ಲರೂ ತಕ್ಷಣ ಇಂಗ್ಲೆಂಡಿನ ಜೆನೆಸಿಸ್ ಬ್ಯಾಂಡನ್ನು ನೆನಪಿಸಿಕೊಂಡರು: 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಹೋದ, ಡ್ರಮ್ಮರ್ ಫಿಲ್ ಕಾಲಿನ್ಸ್ ಹಾಡಿದ, 1976ರ ‘ಎ ಟ್ರಿಕ್ ಆಫ್ ದ ಟೇಲ್’ ಗೆದ್ದಿತು. ಈ ಹೋಲಿಕೆ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಜೆನೆಸಿಸ್ ಕಳೆದುಕೊಂಡದ್ದು ಕಂಠ ಮತ್ತು ವೇದಿಕೆಯ ಮೇಲಿನ ವೇಷ. ಹಾಡು ಕಟ್ಟಬಲ್ಲ ಟೋನಿ ಬ್ಯಾಂಕ್ಸ್, ಮೈಕ್ ರುದರ್‌ಫೋರ್ಡ್ ಮನೆಯಲ್ಲೇ ಇದ್ದರು. ಸ್ಪಾಕ್ಸ್ ಬಿಯರ್ಡ್‌ನವರ ಅಡುಗೆ ಮನೆಯೇ ಖಾಲಿಯಾಗಿತ್ತು.

ಅದು ಹೇಗಿರುತ್ತದೆ ಅಂತ ಸಣ್ಣ ಮಟ್ಟದಲ್ಲಿ ನಾನೂ ಕಂಡಿದ್ದೇನೆ. ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಬಿ.ಎಂ. ರಸ್ತೆ ಪಕ್ಕದ ಒಂದು ಗೋಡೌನಿನ ಮಹಡಿಯಲ್ಲಿ ನಮ್ಮ ಐದು ಜನರ ಬ್ಯಾಂಡ್ ಇತ್ತು, ನಾನು ಕೀಬೋರ್ಡ್. ಹಾಡು ಕಟ್ಟುತ್ತಿದ್ದವ ಒಬ್ಬನೇ. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಹೋದ. ಉಳಿದ ನಾಲ್ವರದ್ದೂ ಕೈ ಚೆನ್ನಾಗಿತ್ತು. ಎರಡು ತಿಂಗಳು ಕೂತು ಒಂದು ಹಾಡು ಮಾಡಿದೆವು: ಒಂಬತ್ತು ನಿಮಿಷ, ಮೂರು ಪೀಠಿಕೆ, ಪಲ್ಲವಿ ಇಲ್ಲ. ಯಾರ ತುಂಡನ್ನು ಕಿತ್ತರೂ ಯಾರಿಗೋ ಬೇಜಾರು. ಹೋದವನು ಇದ್ದಿದ್ದರೆ ನನ್ನ ಸೋಲೋ ಮೊದಲ ದಿನವೇ ಹಾರಿಹೋಗುತ್ತಿತ್ತು. ಹಾಡು ಕಟ್ಟುವವ ಹೋದರೆ ಧಾಟಿ ಹೋಗುತ್ತದೆ ಅಂದುಕೊಳ್ಳುತ್ತೇವೆ, ಆದರೆ ಜಾಣ ಕೈಗಳಿದ್ದರೆ ಧಾಟಿ ಹೇಗೋ ಹುಟ್ಟುತ್ತದೆ. ‘ಇದು ಬೇಡ’ ಅನ್ನುವ ಬಾಯಿ ಮಾತ್ರ ಅಷ್ಟು ಸುಲಭಕ್ಕೆ ಹುಟ್ಟುವುದಿಲ್ಲ.

‘ಫೀಲ್ ಯುಫೋರಿಯಾ’ದಲ್ಲಿ ನನಗೆ ಕೇಳಿಸುವುದು ಅದೇ. ಗಿಟಾರ್ ಹಿಂದಿಗಿಂತ ಗಡುಸು, ನಿಕ್‌ನ ಕಂಠಕ್ಕೆ ದಮ್ಮಿದೆ. ಆದರೆ ‘ಎ ಗೈ ನೇಮ್ಡ್ ಸಿಡ್’ ಎಂಬ ಸರಣಿ ತೆಗೆದುಕೊಳ್ಳಿ, ಒಂದೊಂದು ತುಂಡೂ ಚೆಂದ, ಸಂದಿನಲ್ಲಿ ಗಾರೆ ಹಿಡಿದಿಲ್ಲ. ನೀಲ್‌ನ ಉದ್ದದ ಹಾಡುಗಳಲ್ಲಿ ಇಪ್ಪತ್ತು ನಿಮಿಷದ ಹಿಂದೆ ಬಂದ ಒಂದು ಸಾಲು ಕೊನೆಯಲ್ಲಿ ಮರಳಿ ಬಂದಾಗ ಮೈ ಜುಮ್ಮೆನ್ನುತ್ತದಲ್ಲ, ಆ ಲೆಕ್ಕಾಚಾರ ಇಲ್ಲಿಲ್ಲ.

ತೋಟದವನ ಮಾತು ಒಂದು ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ದೊಡ್ಡ ನೆರಳಿನ ಮರ ಬುಡಮೇಲಾದರೆ ಕೆಳಗಿನ ಕಾಫಿಗೆ ಬೆಳಕು ಸಿಕ್ಕಿತು ಅಂತ ಖುಷಿಪಡುವ ಹಾಗಿಲ್ಲ. ಬೇಸಿಗೆಗೆ ಎಲೆ ಸುಡುತ್ತದೆ, ಅರೇಬಿಕಾ ಆದರೆ ಕಾಂಡಕೊರಕದ ಕಾಟ ಬೇರೆ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡುವವರು ಅದಕ್ಕೇ ಕೊಂಬೆಯ ಲೆಕ್ಕದಲ್ಲಿ ಬೆಳಕು ಬಿಡುತ್ತಾರೆ. ನೀಲ್ ಹೋದಾಗ ಈ ಬ್ಯಾಂಡಿನವರ ಮೇಲೆ ಒಂದೇ ಸಲ ಪೂರ್ತಿ ಬಿಸಿಲು ಬಿತ್ತು. ನಿಕ್ ರೋಬಸ್ಟಾ ಜಾತಿ, ತಡೆದುಕೊಂಡ.

2005ರ ‘ಆಕ್ಟೇನ್’ ಅರ್ಧ ದಾರಿ. ಕಾರು ಅಪಘಾತವಾದವನ ಕಣ್ಣ ಮುಂದೆ ಬದುಕು ಹಾದುಹೋಗುವ ಕಥೆ ಮೊದಲ ಭಾಗದಲ್ಲಿದೆ. ಸಂದುಗಳು ಗಟ್ಟಿಯಾಗಿವೆ, ಕಥೆ ಮಾತ್ರ ಸ್ವಲ್ಪ ಅಳುಬುರುಕು.

ನೀವು ಶುರು ಮಾಡಬೇಕಾದ್ದು 2006ರಲ್ಲಿ ಬ್ಯಾಂಡಿನ ಹೆಸರನ್ನೇ ಇಟ್ಟುಕೊಂಡು ಬಂದ ಆಲ್ಬಮ್ಮಿನಿಂದ. ‘ಆನ್ ಎ ಪರ್ಫೆಕ್ಟ್ ಡೇ’ಯಲ್ಲಿ ಡೇವ್ ಮೆರೋಸ್‌ನ ಬೇಸ್ ಗಿಟಾರ್ ಮುಂದೆ ನಿಂತು ದಾರಿ ತೋರಿಸುತ್ತದೆ. ‘ಸ್ಕೆಲಿಟನ್ಸ್ ಅಟ್ ದ ಫೀಸ್ಟ್’ ಬರೀ ವಾದ್ಯ, ಅದರಲ್ಲಿ ರ್ಯೋ ಒಕುಮೊಟೊನ ಕೀಬೋರ್ಡು ಕೇಳಿ ನನಗೆ ಹಾಸನದ ಗೋಡೌನ್ ನೆನಪಾಗಿ ನಾಚಿಕೆಯಾಯಿತು. ‘ಈಸ್ ದಿಸ್ ಲವ್’ ಬಂದಾಗ ಮುಂದಕ್ಕೆ ಓಡಿಸಿ, ಪಾಪ ಬರುವುದಿಲ್ಲ. ನಾಲ್ಕು ಭಾಗದ ‘ಆಸ್ ಫಾರ್ ಆಸ್ ದ ಮೈಂಡ್ ಕ್ಯಾನ್ ಸೀ’ ಮೊದಲ ಬಾರಿಗೆ ನೀಲ್‌ನನ್ನು ಮರೆಸುತ್ತದೆ.

ಇದರಲ್ಲಿ ಒಂದು ಗುಟ್ಟಿದೆ. ವೇದಿಕೆ ಹತ್ತದ ಜಾನ್ ಬೋಗೆಹೋಲ್ಡ್ ಎಂಬ ಹೊರಗಿನವನ ಲೇಖನಿ ಈ ಆಲ್ಬಮ್ಮುಗಳ ಹಾಡುಗಳಲ್ಲಿದೆ. ಬೇರೆ ಬ್ಯಾಂಡುಗಳನ್ನು ನೋಡಿ: ರೋಜರ್ ವಾಟರ್ಸ್ ಹೋದ ಮೇಲೆ ಪಿಂಕ್ ಫ್ಲಾಯ್ಡ್‌ನವರು 1987ರಲ್ಲಿ ಸಾಹಿತ್ಯಕ್ಕೆ ಆಂಥನಿ ಮೂರ್‌ನನ್ನು, 1994ರಲ್ಲಿ ಪಾಲಿ ಸ್ಯಾಮ್ಸನ್‌ಳನ್ನು ಜೊತೆಗೆ ಕೂರಿಸಿಕೊಂಡರು. ಫಿಶ್ ಎಂಬ ಗಾಯಕ ಬಿಟ್ಟ ಮೇಲೆ ಮರಿಲಿಯನ್‌ನವರ 1989ರ ಆಲ್ಬಮ್ಮಿಗೆ ಜಾನ್ ಹೆಲ್ಮರ್ ಪದ ಕೊಟ್ಟ. ಒಳಗಿನವರು ಒಬ್ಬರಿಗೊಬ್ಬರು ಹೇಳಲಾರದ ‘ಬೇಡ’ವನ್ನು ಹೊರಗಿನವನು ಹೇಳಿದರೆ ಯಾರಿಗೂ ಅವಮಾನವಿಲ್ಲ ಅನ್ನುವುದು ನನ್ನ ಊಹೆ. ಪಾಲು ಪಂಚಾಯಿತಿಗೆ ಪಕ್ಕದ ಊರಿನ ಗೌಡರನ್ನು ಕರೆಸುವುದಿಲ್ಲವೇ, ಹಾಗೆ.

2010ರ ‘ಎಕ್ಸ್’ ಅಭಿಮಾನಿಗಳು ಮುಂಗಡ ಕೊಟ್ಟ ದುಡ್ಡಿನಲ್ಲಿ ಆದದ್ದು. ಹೆಚ್ಚು ಕೊಟ್ಟವರ ಹೆಸರುಗಳನ್ನು ‘ದೇರ್ ನೇಮ್ಸ್ ಎಸ್ಕೇಪ್ ಮಿ’ ಎಂಬ ಹಾಡಿನೊಳಗೇ ಹಾಡಿದ್ದಾರೆ! ನಮ್ಮ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆದ ಹಾಗೆ. ತಮಾಷೆ ಬಿಟ್ಟರೆ ಗಟ್ಟಿ ಆಲ್ಬಮ್, ‘ಫ್ರಮ್ ದ ಡಾರ್ಕ್‌ನೆಸ್’ ತಪ್ಪಿಸಬೇಡಿ.

2011ರಲ್ಲಿ ನಿಕ್ ಕೂಡ ಹೋದ. ಎನ್ಚಾಂಟ್ ಬ್ಯಾಂಡಿನ ಟೆಡ್ ಲೆನರ್ಡ್ ಹಾಡಲು ಬಂದ. 2013ರ ‘ಬ್ರೀಫ್ ನಾಕ್ಟರ್ನ್ಸ್ ಆಂಡ್ ಡ್ರೀಮ್‌ಲೆಸ್ ಸ್ಲೀಪ್’ನಲ್ಲಿ ಎರಡು ಹಾಡಿಗೆ ನೀಲ್‌ನೇ ಕೈಜೋಡಿಸಿದ್ದಾನೆ. ಅದರಲ್ಲಿ ‘ಆಫ್ಟರ್‌ಥಾಟ್ಸ್’ ಎಂಬುದು 1996 ಮತ್ತು 2000ದ ‘ಥಾಟ್ಸ್’ ಹಾಡುಗಳ ಮೂರನೇ ಕೊಂಡಿ: ಕಂಠಗಳು ಒಂದರ ಬಾಲ ಇನ್ನೊಂದು ಹಿಡಿದು ಓಡುವ ಅದೇ ಆಟ. ಆರೂ ಆಲ್ಬಮ್ ಕೇಳಿ ಬಂದ ನಿಮಗೆ ಮೊದಲ ಹತ್ತು ಸೆಕೆಂಡಿಗೇ ಗುರುತು ಸಿಗುತ್ತದೆ. 2016ರಲ್ಲಂತೂ ನೀಲ್, ನಿಕ್, ಟೆಡ್ ಎಲ್ಲ ಒಂದೇ ವೇದಿಕೆ ಹತ್ತಿ ‘ಸ್ನೋ’ ಪೂರ್ತಿ ನುಡಿಸಿದರು.

ಹಾಗಾಗಿ 2006, ಆಮೇಲೆ 2013, ಆಮೇಲೆ ‘ಎಕ್ಸ್’. ‘ಫೀಲ್ ಯುಫೋರಿಯಾ’ ಕೊನೆಗಿರಲಿ. ನಾನು ಮೊನ್ನೆ ಮೂಡಿಗೆರೆಗೆ ಹೋಗುವಾಗ ಅದನ್ನೇ ಹಾಕಿದ್ದೆ, ‘ಗೋಸ್ಟ್ಸ್ ಆಫ್ ಆಟಮ್’ ಮಾತ್ರ ಎರಡು ಸಲ ಕೇಳಿದೆ.