ಬಟನ್ ಹವಳಕ್ಕೆ ಬ್ಲೇಡು ಹಾಕಬೇಡಿ

ಪ್ರಶ್ನೆ: ಟೀಚರೇ, ನಮಸ್ಕಾರ. ಮನೆಯಲ್ಲಿ ಉಪ್ಪುನೀರಿನ ಸಣ್ಣ ಅಕ್ವೇರಿಯಂ ಇಟ್ಟಿದ್ದೇನೆ. ಅಂಗಡಿಯಿಂದ ಮೂರು ಹವಳ ತಂದೆ. ಒಂದರ ಬುಡ ನೇರಳೆ, ಮೇಲೆಲ್ಲ ಹಸಿರು. ಇನ್ನೊಂದು ಕಂದು ಬಣ್ಣದ ಕೊಡೆ. ಮೂರನೆಯದು ಕಿತ್ತಳೆ-ಹಸಿರು ಬಟನ್‌ಗಳ ಗುಂಪು. ಎಲ್ಲವೂ ಮೆದು ಹವಳ, ಕತ್ತರಿಸಿದರೆ ಮರಿ ಮಾಡಬಹುದು ಎಂದರು. ಹೇಗೆ ಕತ್ತರಿಸಲಿ? ಬಟನ್ ಇರುವ ಕಲ್ಲಿಗೆ ಪಾಚಿ ಹಿಡಿದಿದೆ, ಬಿಸಿನೀರಲ್ಲಿ ತೊಳೆಯಬಹುದಾ?
– ಓದುಗರು, ಉಪ್ಪಳ

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ತೊಳೆಯಬೇಡಿ. ಆ ಕಲ್ಲಿಗೆ ಬಿಸಿನೀರು ಹಾಕಬೇಡಿ, ಕುದಿಸಬೇಡಿ, ಬ್ರಷ್ಷಿನಿಂದ ಉಜ್ಜಬೇಡಿ. ನಿಮ್ಮ ಬಟನ್ ಮೆದು ಹವಳವೇ ಅಲ್ಲ. ಅದು ಝೊಆಂಥಿಡ್, ಹವಳದ ನೆಂಟನಾದರೂ ಬೇರೆಯೇ ಗುಂಪಿನ ಜೀವಿ. ಈ ಗುಂಪಿನ ಕೆಲವು ಜಾತಿಗಳಲ್ಲಿ, ಅದರಲ್ಲೂ ಪ್ಯಾಲಿಥೋವಾದಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದ್ದು ಇಂಥ ಜೀವಿಯಿಂದಲೇ. ಕುದಿಸಿದರೆ ವಿಷ ಹೋಗುವುದಿಲ್ಲ, ಹಬೆಯ ಜೊತೆ ಮನೆಯೆಲ್ಲ ಹರಡುತ್ತದೆ. ಹಾಗೆ ಇಡೀ ಮನೆಯವರು ಆಸ್ಪತ್ರೆ ಸೇರಿದ ಘಟನೆಗಳು ಹೊರದೇಶಗಳಲ್ಲಿ ನಡೆದಿವೆ. ಕತ್ತರಿಸುವಾಗ ಕಣ್ಣಿಗೆ ಚಿಮ್ಮಿದರೆ ದೃಷ್ಟಿಗೇ ಅಪಾಯ. ಬಾಯಿ ಕಹಿಯಾಗುವುದು, ಉಸಿರು ಕಟ್ಟುವುದು, ಜ್ವರ, ಮೈಕೈ ನೋವು, ಇದರಲ್ಲಿ ಯಾವುದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ, ವಿಷದ ಹೆಸರು ಹೇಳಿ. ಯಾವ ಝೊಆಂಥಿಡ್‌ನಲ್ಲಿ ವಿಷ ಇದೆ, ಯಾವುದರಲ್ಲಿ ಇಲ್ಲ ಎಂದು ಕಣ್ಣಲ್ಲಿ ನೋಡಿ ಹೇಳಲಾಗುವುದಿಲ್ಲ. ಹಾಗಾಗಿ ಮನೆಯಲ್ಲಿ ಅದನ್ನು ಕತ್ತರಿಸುವುದೇ ಬೇಡ. ಅದು ತಾನಾಗಿಯೇ ಪಕ್ಕದ ಕಲ್ಲಿಗೆ ಹಬ್ಬುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಬಣ್ಣ ನಂಬಬೇಡಿ. ನೀಲಿ ಲೈಟಿನ ಕೆಳಗೆ ಎಲ್ಲವೂ ಮಿನುಗುತ್ತದೆ. ಪಂಪು ನಿಲ್ಲಿಸಿ, ಬಿಳಿ ಲೈಟು ಹಾಕಿ, ಭೂತಗನ್ನಡಿ ಹಿಡಿದು ಒಂದೇ ಒಂದು ಪಾಲಿಪ್, ಅಂದರೆ ಹವಳದ ಗುಂಪಿನ ಒಂದು ಪುಟ್ಟ ಜೀವಿ, ನೋಡಿ. ನಿಮ್ಮ ಹಸಿರು ಹವಳದಲ್ಲಿ ಪ್ರತಿ ಪಾಲಿಪ್‌ಗೂ ಸರಿಯಾಗಿ ಎಂಟು ಬೆರಳು ಕಾಣಬೇಕು, ಬೆರಳಿನ ಎರಡೂ ಬದಿ ಸಣ್ಣ ಸಣ್ಣ ಕವಲು. ನಿಜವಾದ ಮೆದು ಹವಳದ ಗುರುತೇ ಈ ಎಂಟು. ಈಗ ಬಟನ್ ನೋಡಿ. ದುಂಡಗಿನ ತಟ್ಟೆ, ನಡುವೆ ಸೀಳಿನಂಥ ಬಾಯಿ, ಅಂಚಿನಲ್ಲಿ ಎಂಟಕ್ಕಿಂತ ಎಷ್ಟೋ ಜಾಸ್ತಿ ಮೋಟು ಬೆರಳು. ಝೂವಾಲಜಿ ಲ್ಯಾಬಿನಲ್ಲಿ ನನ್ನ ಮಕ್ಕಳಿಗೂ ಹೇಳುತ್ತಿದ್ದೆ, ಎಣಿಸದೆ ಹೆಸರು ಬರೆಯಬೇಡಿ ಎಂದು.

ಹಸಿರಿನದು ಗ್ರೀನ್ ಸ್ಟಾರ್ ಪಾಲಿಪ್. ಕೆಲಸ ಸುಲಭ. ನೇರಳೆ ಪೊರೆಯ ಅಂಚನ್ನು ಎಬ್ಬಿಸಿ ಕತ್ತರಿಯಿಂದ ಒಂದು ತುಂಡು ತೆಗೆಯಿರಿ, ತಳ ಒರೆಸಿ ಸೂಪರ್ ಗ್ಲೂ ಜೆಲ್ಲಿನಿಂದ ಕಲ್ಲಿಗೆ ಅಂಟಿಸಿ. ಆ ಕಲ್ಲನ್ನು ದೂರ ಇಡಿ, ಇಲ್ಲದಿದ್ದರೆ ಗಾಜನ್ನೂ ಬಿಡದೆ ಹಬ್ಬುತ್ತದೆ.

ಕೊಡೆಯದು ಸಾರ್ಕೋಫೈಟಾನ್, ನೋಡಲು ನಾಯಿಕೊಡೆಯ ಹಾಗೆ. ಆಗಾಗ ಪಾಲಿಪ್ ಎಲ್ಲ ಒಳಗೆಳೆದುಕೊಂಡು ಮೈಮೇಲೆ ಮೇಣದಂಥ ಹೊಳೆಯುವ ಪೊರೆ ಬರುತ್ತದೆ. ರೋಗ ಅಂತ ಹೆದರಬೇಡಿ, ಕೆಲವು ದಿನದಲ್ಲಿ ಅದನ್ನು ಕಳಚಿ ಮತ್ತೆ ಅರಳುತ್ತದೆ. ಆ ಹೊತ್ತಿನಲ್ಲಿ ಮಾತ್ರ ಕತ್ತರಿಸಬಾರದು. ಅರಳಿ ಚೆನ್ನಾಗಿರುವಾಗ ಟ್ಯಾಂಕಿನದೇ ನೀರಿರುವ ಬೇರೆ ಪಾತ್ರೆಗೆ ತೆಗೆದುಕೊಳ್ಳಿ. ಅಡುಗೆಮನೆಯ ಸಿಂಕೂ ಬೇಡ, ಅಡುಗೆಯ ಚಾಕೂ ಬೇಡ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಹೊಸ ಬ್ಲೇಡಿನಿಂದ ಕೊಡೆಯ ಅಂಚಿನಲ್ಲಿ ಎರಡು ಬೆರಳಗಲದ ತುಂಡನ್ನು ಒಂದೇ ಸಲಕ್ಕೆ ಕತ್ತರಿಸಿ. ಲೋಳೆ ಸುರಿಯುತ್ತದೆ, ಘಾಟು ಬರುತ್ತದೆ. ಬೇರೆ ಹವಳಗಳನ್ನು ದೂರವಿಡಲು ಅದು ಇಟ್ಟುಕೊಂಡಿರುವ ರಾಸಾಯನಿಕ ಅದು. ಆ ನೀರನ್ನು ಟ್ಯಾಂಕಿಗೆ ಸುರಿಯಬೇಡಿ, ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಲೋಳೆ ಇರುವ ತುಂಡಿಗೆ ಗ್ಲೂ ಹಿಡಿಯುವುದಿಲ್ಲ. ಸಣ್ಣ ಕಲ್ಲಿನ ಮೇಲಿಟ್ಟು ತೆಳು ಬಲೆಬಟ್ಟೆಯಿಂದ ಸಡಿಲವಾಗಿ ಕಟ್ಟಿ, ನೀರಿನ ಸೆಳೆತ ಕಡಿಮೆ ಇರುವ ಕಡೆ ಇಡಿ. ಎರಡು ವಾರ ಕಾಯಿರಿ, ತಾನೇ ಹಿಡಿದುಕೊಳ್ಳುತ್ತದೆ. ಕರಗಿ ಕಪ್ಪಾದ ತುಂಡನ್ನು ಮಾತ್ರ ಕೂಡಲೇ ತೆಗೆದುಬಿಡಿ.

ಪ್ರಶ್ನೆ: ಮನೆಯಿಂದ ಕಡಲಿಗೆ ನಡೆದೇ ಹೋಗಬಹುದು. ಮಳೆಗಾಲದಲ್ಲಿ ಅಲ್ಲಿಯದೇ ನೀರು ತಂದು ಹವಳದ ಟ್ಯಾಂಕಿಗೆ ಹಾಕಬಹುದಾ?
– ಓದುಗರು, ಮಂಜೇಶ್ವರ

ಉತ್ತರ: ಬೇಡ. ನಮ್ಮ ಕಾಸರಗೋಡು ಜಿಲ್ಲೆಯೊಂದರಲ್ಲೇ 12 ಹೊಳೆಗಳಿವೆ. ಜೂನ್ ಬಂತೆಂದರೆ ಅವು ತರುವ ಕೆಂಪು ನೀರು ದಡದ ಉಪ್ಪನ್ನೆಲ್ಲ ತೆಳುಮಾಡುತ್ತದೆ. ಹವಳಕ್ಕೆ ಬೇಕಾದ ಸಾಂದ್ರತೆ 1.025ರ ಆಸುಪಾಸು. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಮೀಟರಿನಲ್ಲಿ ಅಳೆದು ಬಳಸಿ. ಆವಿಯಾದಷ್ಟಕ್ಕೆ ಬರೀ ಸಿಹಿನೀರು ಸೇರಿಸಿದರೆ ಸಾಕು, ಉಪ್ಪು ಆವಿಯಾಗುವುದಿಲ್ಲ ಅಲ್ವಾ? ಕರೆಂಟು ಹೋದಾಗ ಬೇಕಾಗುತ್ತದೆ, ಬ್ಯಾಟರಿಯ ಏರ್ ಪಂಪ್ ಒಂದು ತಂದಿಡಿ.

ಪ್ರಶ್ನೆ: ಕಡಲತೀರದಲ್ಲಿ ಸಿಕ್ಕ ಬಿಳಿ ಹವಳದ ಕಲ್ಲನ್ನು ತಂದು, ಅದರ ಮೇಲೆ ಮರಿ ಹವಳ ಕಟ್ಟಬಹುದಾ?
– ಓದುಗರು, ಬೇಕಲ

ಉತ್ತರ: ತರಬೇಡಿ. ಕಲ್ಲುಹವಳಗಳು 2001ರಿಂದ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ. ಮನೆಯಲ್ಲಿ ಹೊಳಪಿಲ್ಲದ ಸೆರಾಮಿಕ್ ಟೈಲಿನ ಚೂರು ಇದ್ದರೆ ತೊಳೆದು ಬಳಸಿ. ಮುರಕಲ್ಲು ಹಾಕಬೇಡಿ, ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ನೀರಲ್ಲಿ ಪುಡಿಯೂ ಆಗುತ್ತದೆ.